ನೀರು ಏರಿಸಿದ ನೆಲದ ಬೆಲೆ: ಗಂಗಾವತಿಯ ಕ್ಯಾಂಪುಗಳಿಂದ ಆನೆಗೊಂದಿಯ ಹೋಂಸ್ಟೇಗಳವರೆಗೆ

ಕೊಪ್ಪಳದಿಂದ ಗಂಗಾವತಿಗೆ ಹೋಗುವ ದಾರಿಯಲ್ಲಿ ಸಿಗುವ ಹೇಮಗುಡ್ಡದ ಬಂಡೆಬೆಟ್ಟಗಳ ಆಚೆ ಈಚೆ ಎರಡು ಬಗೆಯ ಬದುಕುಗಳಿವೆ. ಪಶ್ಚಿಮಕ್ಕೂ ಉತ್ತರಕ್ಕೂ ಹಬ್ಬಿರುವ ಯಲಬುರ್ಗಾ ಮತ್ತು ಕುಷ್ಟಗಿ ಸೀಮೆಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿ ಜೋಳ, ಸಜ್ಜೆ, ಶೇಂಗಾ, ಕಡಲೆ ಬೆಳೆಯುತ್ತವೆ. ಪೂರ್ವಕ್ಕೆ ಗಂಗಾವತಿ ಮತ್ತು ಕಾರಟಗಿಯ ಕಡೆಗೆ ಸಾಗಿದರೆ ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆಗಳು. ಈ ಎರಡು ಕಡೆಗಳಲ್ಲಿ ಬೀಳುವ ಮಳೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರವನ್ನು ಉಂಟುಮಾಡಿದ್ದು ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಮತ್ತು ಆ ಕಾಲುವೆಯ ಜಾಡು ಹಿಡಿದು ದೂರದ ಡೆಲ್ಟಾ ಜಿಲ್ಲೆಗಳಿಂದ ಬಂದು ನೆಲೆಸಿದ ಜನ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಕಂಪಿಲರಾಯನ ಅರಸುತನಕ್ಕೆ ಆಸರೆಯಾಗಿ, ಕುಮಾರರಾಮನ ಕಥನಗಳಿಂದ ಇಂದಿಗೂ ನೆನಪಿನಲ್ಲಿ ಉಳಿದಿರುವ ಈ ದುರ್ಗಗಳ ಸೀಮೆ ಸೈನ್ಯ ಬಂದು ಹೋಗುವುದನ್ನು ಹಲವು ಬಾರಿ ಕಂಡಿತ್ತು. ಆದರೆ ನೆಲದ ಒಡೆತನವೇ ಇಷ್ಟು ಅಲ್ಪಕಾಲದಲ್ಲಿ, ಅದೂ ಕತ್ತಿಯ ಬಲವಿಲ್ಲದೆ ಕೇವಲ ಖರೀದಿ ಪತ್ರಗಳ ಮೂಲಕ ಕೈಬದಲಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ಹೊಸಬರು ಬಂದು ನೆಲೆಸುವುದರಿಂದ ಒಂದು ಜಾಗದ ಗುರುತು ಹೇಗೆ ಬದಲಾಗುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞರು ಹೆಚ್ಚಾಗಿ ಮಹಾನಗರಗಳ ಹಳೆಯ ಕೇರಿಗಳಲ್ಲಿಯೇ ಅಧ್ಯಯನ ಮಾಡಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿಗೆ ವಲಸೆ ಬಂದಿದ್ದ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ, ಆ ನಗರದ ಇಸ್ಲಿಂಗ್ಟನ್ನಿನಂಥ ಕಾರ್ಮಿಕರ ಬಡಾವಣೆಗಳಲ್ಲಿ ಮಧ್ಯಮವರ್ಗದವರು ಹಳೆಯ ಮನೆಗಳನ್ನು ಕೊಂಡು ನವೀಕರಿಸುತ್ತಿದ್ದುದನ್ನೂ, ಬಾಡಿಗೆ ಏರಿದಂತೆ ಮೊದಲಿನ ನಿವಾಸಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದುದನ್ನೂ ಗಮನಿಸಿ, 1964ರಲ್ಲಿ ಅದಕ್ಕೆ ಜೆಂಟ್ರಿಫಿಕೇಶನ್ ಎಂಬ ಹೆಸರನ್ನು ಕೊಟ್ಟರು. ಉಳ್ಳವರ ಹಣ ಒಂದು ಪ್ರದೇಶಕ್ಕೆ ಹರಿದು ಬಂದು ಅಲ್ಲಿನ ನೆಲದ ಬೆಲೆಯನ್ನು ಹೆಚ್ಚಿಸುವುದು, ಆ ಬೆಲೆಯನ್ನು ತಾಳಲಾರದೆ ಅಥವಾ ಆ ಬೆಲೆಯ ಆಸೆಗೆ ಮೂಲನಿವಾಸಿಗಳು ತಮ್ಮ ಹಿಡಿತವನ್ನು ಕಳೆದುಕೊಳ್ಳುವುದು ಈ ಪ್ರಕ್ರಿಯೆಯ ತಿರುಳು. ಹಾಗೆ ನೋಡಿದರೆ ಅದನ್ನು ನಗರದ ಕೇರಿಗಳಿಗಷ್ಟೇ ಸೀಮಿತಗೊಳಿಸಲು ಕಾರಣವಿಲ್ಲ. ಗಂಗಾವತಿ ಸೀಮೆಯಲ್ಲಿ ಅದು ಮೊದಲು ಹೊಲದಲ್ಲಿ, ಆಮೇಲೆ ಪೇಟೆಯಲ್ಲಿ, ಈಗ ನದೀತೀರದ ಪ್ರವಾಸಿ ಹಳ್ಳಿಗಳಲ್ಲಿ ನಡೆದಿದೆ.

ತುಂಗಭದ್ರಾ ಅಣೆಕಟ್ಟಿನ ಶಂಕುಸ್ಥಾಪನೆ 1945ರಲ್ಲಿ ಆದಾಗ ನದಿಯ ಬಲದಂಡೆ ಮದ್ರಾಸ್ ಪ್ರಾಂತ್ಯಕ್ಕೂ ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡಿತು, 1953ರ ಹೊತ್ತಿಗೆ ಜಲಾಶಯದ ನೀರು ಕಾಲುವೆಗೆ ಸಿಗತೊಡಗಿತು, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೊಡನೆ ಗಂಗಾವತಿಯೂ ಮೈಸೂರು ರಾಜ್ಯಕ್ಕೆ ಸೇರಿತು. ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ಅದು ರಾಯಚೂರಿನವರೆಗೆ ನೀರು ಒಯ್ಯಬೇಕು. ಯೋಜನೆಯನ್ನು ರೂಪಿಸಿದವರ ಉದ್ದೇಶ ಭತ್ತ ಬೆಳೆಸುವುದಾಗಿರಲಿಲ್ಲ. ಮೇಲಿಂದ ಮೇಲೆ ಬರಕ್ಕೆ ತುತ್ತಾಗುತ್ತಿದ್ದ ನಾಡಿನಲ್ಲಿ ಇದ್ದಷ್ಟು ನೀರನ್ನು ಆದಷ್ಟು ಹೆಚ್ಚು ಜಮೀನಿಗೆ ತೆಳುವಾಗಿ ಹರಡಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಒಣಗದಂತೆ ಉಳಿಸಿಕೊಳ್ಳುವುದು ಅವರ ಲೆಕ್ಕಾಚಾರವಾಗಿತ್ತು; ನೀರಾವರಿ ತಜ್ಞರು ಇದನ್ನು ರಕ್ಷಣಾತ್ಮಕ ನೀರಾವರಿ ಎನ್ನುತ್ತಾರೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಇರಬೇಕೆಂದು ಸರ್ಕಾರವೇ ಗೊತ್ತುಪಡಿಸಿತ್ತು, ಮತ್ತು ಭತ್ತಕ್ಕೂ ಕಬ್ಬಿಗೂ ದೊರೆತಿದ್ದ ಪಾಲು ಚಿಕ್ಕದು.

ಆದರೆ ಈ ಲೆಕ್ಕಾಚಾರವು ರೈತನ ಕೈಯಲ್ಲಿ ಹಣವಿದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಒಣಬೇಸಾಯದ ಸೀಮೆಯಲ್ಲಿ ಒಂದೊಂದು ಕುಟುಂಬಕ್ಕೆ ಹೆಚ್ಚು ಎಕರೆಗಳಿದ್ದರೂ ಆ ಎಕರೆಗಳಿಂದ ಬರುತ್ತಿದ್ದ ಆದಾಯ ಅಷ್ಟಕ್ಕಷ್ಟೇ. ಏರುತಗ್ಗಿನ ಎರೆಹೊಲವನ್ನು ಸಮತಟ್ಟು ಮಾಡಿ, ಬದು ಕಟ್ಟಿ, ಹೊಲಗಾಲುವೆ ತೋಡಿ, ಗೊಬ್ಬರ ಬೀಜಗಳಿಗೆ ಮುಂಗಡ ಹಾಕುವುದು ಹಲವರ ಅಳವಿಗೆ ಮೀರಿದ ಮಾತಾಗಿತ್ತು. ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಗೋದಾವರಿ ಮತ್ತು ಕೃಷ್ಣಾ ಡೆಲ್ಟಾಗಳಲ್ಲಿತ್ತು. 1850ರ ದಶಕದಲ್ಲಿಯೇ ಆ ನದಿಗಳಿಗೆ ಆನೆಕಟ್ಟುಗಳು ಬಂದು, ನೂರು ವರ್ಷಗಳ ಕಾಲುವೆ ಬೇಸಾಯದ ಅನುಭವವನ್ನು ಗಳಿಸಿದ್ದ ಅಲ್ಲಿನ ರೈತರಲ್ಲಿ ಜನ ಹೆಚ್ಚಾಗಿ ನೆಲ ಕಡಿಮೆಯಾಗಿತ್ತು, ನೆಲದ ಬೆಲೆ ಏರಿತ್ತು. ಅಲ್ಲಿ ಒಂದೆರಡು ಎಕರೆ ಮಾರಿದವನು ಇಲ್ಲಿ ಅದರ ಹಲವು ಪಟ್ಟು ಜಮೀನು ಕೊಳ್ಳಬಹುದಾಗಿತ್ತು. ಹೀಗೆ 1950ರ ದಶಕದಿಂದ ಮೊದಲ್ಗೊಂಡು ಕರಾವಳಿ ಆಂಧ್ರದ ಜಿಲ್ಲೆಗಳಿಂದ ರೈತ ಕುಟುಂಬಗಳು ಬಂಧುಬಳಗದ ಸಮೇತ ಬಂದವು. ಸ್ಥಳೀಯರು ಇರುವ ಹೊಲದಲ್ಲಿ ಒಂದು ಭಾಗವನ್ನು ಮಾರಿ ಉಳಿದ ಭಾಗವನ್ನು ಗದ್ದೆ ಮಾಡುವ ಎಣಿಕೆಯಿಂದಲೋ, ಸಾಲ ತೀರಿಸುವ ಒತ್ತಾಯದಿಂದಲೋ, ಮದುವೆಯ ಖರ್ಚಿಗೆಂದೋ ಜಮೀನು ಕೊಟ್ಟರು. ಕೊಟ್ಟವರಿಗೆ ಅಂದಿನ ಬೆಲೆ ದೊಡ್ಡದಾಗಿಯೇ ಕಂಡಿತ್ತು. ನೀರು ಹರಿದ ಮೇಲಿನ ಬೆಲೆಯನ್ನು ಕಂಡವರು ಕೊಂಡವರು ಮಾತ್ರ.

ಹೊಸಬರು ಹಳೆಯ ಊರೊಳಗೆ ಬಂದು ನೆಲೆಸಲಿಲ್ಲ ಎಂಬುದು ಈ ವಲಸೆಯ ಮುಖ್ಯ ಲಕ್ಷಣ. ತಾವು ಕೊಂಡ ಜಮೀನಿನ ನಡುವೆ, ಕಾಲುವೆಗೆ ಹತ್ತಿರವಾಗಿ ಗುಡಿಸಲು ಹಾಕಿಕೊಂಡರು, ಆ ವಸತಿಗಳಿಗೆ ಕ್ಯಾಂಪ್ ಎಂಬ ಹೆಸರು ಬಿತ್ತು. ಗುಡಿಸಲು ಹೋಗಿ ತಾರಸಿ ಮನೆ ಬಂದು, ಮೂರನೆಯ ತಲೆಮಾರು ಸಂಸಾರ ಹೂಡಿದ ಮೇಲೂ ಹೆಸರು ಕ್ಯಾಂಪ್ ಎಂದೇ ಉಳಿದಿದೆ. ಹಳೆಯ ಊರಿಗೆ ಅಗಸಿಬಾಗಿಲು, ಹನುಮಪ್ಪನ ಗುಡಿ, ಜಾತಿಗೊಂದು ಓಣಿ. ಕ್ಯಾಂಪಿಗೆ ನೇರವಾದ ಬೀದಿ, ರಾಮಮಂದಿರ, ಟ್ರ್ಯಾಕ್ಟರ್ ನಿಲ್ಲುವಷ್ಟು ಅಗಲವಾದ ಅಂಗಳ. ಗಂಗಾವತಿ ಬಳಿಯ ಶ್ರೀರಾಮನಗರದಂಥ ಕ್ಯಾಂಪುಗಳು ಬೆಳೆದು ಸ್ವತಃ ಪೇಟೆಗಳಾದವು. ನೆರೆಯ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಪುನರ್ವಸತಿ ಕಲ್ಪಿಸಿದಾಗ ಆ ವಸತಿಗಳೂ ಆರ್.ಎಚ್. ಕ್ಯಾಂಪ್ ಎನಿಸಿಕೊಂಡವು. ಆದರೆ ಹಣ ತಂದು ಜಮೀನು ಕೊಂಡವರ ಕ್ಯಾಂಪಿಗೂ, ಮನೆಮಠ ಕಳೆದುಕೊಂಡು ಬಂದವರ ಕ್ಯಾಂಪಿಗೂ ಹೆಸರಿನ ಹೊರತು ಸಾಮ್ಯ ಕಡಿಮೆ. ವಲಸೆ ಎಂಬ ಒಂದೇ ಶಬ್ದದಲ್ಲಿ ಇಬ್ಬರನ್ನೂ ಸೇರಿಸಿ ಮಾತನಾಡುವ ಅಭ್ಯಾಸದಿಂದ ಗೊಂದಲವೇ ಹೆಚ್ಚಾಗಿದೆ.

ಗೊತ್ತುಪಡಿಸಿದ ಬೆಳೆಯ ಪಟ್ಟಿ ಕಾಗದದಲ್ಲಿ ಉಳಿದು, ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತ ಹರಡಿತು. ಎಡದಂಡೆಯ ನೀರು ಹಂಚಿಕೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ತೋರಿಸಿರುವಂತೆ, ತೂಬಿನ ಬಳಿ ನಡೆಯುವ ಹಂಚಿಕೆ ಎಂಜಿನಿಯರರ ನಕ್ಷೆಗಿಂತ ಊರಿನ ಬಲಾಬಲ, ರಾಜಕಾರಣ, ಸಾಲದ ಸಂಬಂಧಗಳಿಗೆ ಅನುಸಾರವಾಗಿರುತ್ತದೆ. ಮೇಲಿನವರು ಹೆಚ್ಚು ಬಳಸಿದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ಕಡಿಮೆ ಬಂತು; ಕೊನೆಭಾಗಕ್ಕೆ ನೀರು ಹರಿಸಿ ಎಂಬ ಬೇಡಿಕೆ ಇಂದಿಗೂ ಪ್ರತಿ ಹಂಗಾಮಿನ ಸುದ್ದಿ. ಹೊಸಬರಷ್ಟೇ ಭತ್ತ ಬೆಳೆದರೆಂದು ಹೇಳುವುದು ಅನ್ಯಾಯವಾಗುತ್ತದೆ, ಏಕೆಂದರೆ ಅವರನ್ನು ನೋಡಿ ಕಲಿತ ಸ್ಥಳೀಯ ರೈತರೂ ಬೇಗನೆ ಅದೇ ಬೆಳೆಗೆ ಇಳಿದರು, ಮತ್ತು ಗಂಗಾವತಿ ಸೋನಾ ಮಸೂರಿಗೆ ಸಿಕ್ಕ ಹೆಸರಿನಲ್ಲಿ ಇಬ್ಬರ ದುಡಿಮೆಯೂ ಇದೆ.

ಹೊಲದಲ್ಲಿ ಆದ ಬದಲಾವಣೆ ಪೇಟೆಗೆ ಬರಲು ತಡವಾಗಲಿಲ್ಲ. ಭತ್ತಕ್ಕೆ ಗಿರಣಿ ಬೇಕು, ಗಿರಣಿಗೆ ಬಂಡವಾಳ, ಲಾರಿ, ಹಮಾಲರು, ಬ್ಯಾಂಕು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮು ಬೇಕು. ಊರಿನಿಂದ ಹೊರಡುವ ರಸ್ತೆಗಳ ಇಕ್ಕೆಲಗಳಲ್ಲಿ ರೈಸ್ ಮಿಲ್ಲುಗಳು ಎದ್ದು, ನಿವೇಶನದ ಬೆಲೆ ಏರಿ, 2011ರ ಜನಗಣತಿಯ ವೇಳೆಗೆ ಗಂಗಾವತಿಯ ಜನಸಂಖ್ಯೆ 1 ಲಕ್ಷವನ್ನು ದಾಟಿತ್ತು. 1997ರಲ್ಲಿ ಜಿಲ್ಲಾಕೇಂದ್ರವಾದ ಕೊಪ್ಪಳ ಪಟ್ಟಣವೇ ಅದಕ್ಕಿಂತ ಚಿಕ್ಕದು. ನಾಟಿ ಮತ್ತು ಕೊಯ್ಲಿನ ಕಾಲಕ್ಕೆ ಒಣಸೀಮೆಯಿಂದ ಕೂಲಿಕಾರರು ತಂಡತಂಡವಾಗಿ ಇಲ್ಲಿಗೆ ಬರುತ್ತಾರೆ. ಕೊಪ್ಪಳ ಜಿಲ್ಲೆಯ ಒಂದು ಮೂಲೆಯ ಜನ ಗುಳೆ ಹೊರಟು ಬೆಂಗಳೂರು, ಮಂಗಳೂರು, ಗೋವಾ ಸೇರುತ್ತಿರುವಾಗಲೇ ಇನ್ನೊಂದು ಮೂಲೆ ಗುಳೆ ಬಂದವರನ್ನು ದುಡಿಸಿಕೊಳ್ಳುತ್ತದೆ. ಆಂಧ್ರದ ವಲಸೆಗೆ ಸಿಕ್ಕಿದಷ್ಟು ಚರ್ಚೆ ಈ ಒಳವಲಸೆಗೆ ಸಿಗದಿರುವುದಕ್ಕೆ ಕಾರಣ ಬಹುಶಃ ಇಷ್ಟೇ: ಕೂಲಿಗೆ ಬಂದವರು ಜಮೀನು ಕೊಳ್ಳುವುದಿಲ್ಲ, ನಗರದ ಗುರುತಿನಲ್ಲಿ ಅವರ ಹೆಸರು ದಾಖಲಾಗುವುದಿಲ್ಲ.

ಭಾಷೆಯ ವಿಷಯದಲ್ಲಿ ಜನ ಹೆಚ್ಚು ಗದ್ದಲ ಮಾಡುತ್ತಾರೆ, ಆದರೆ ಅಲ್ಲಿ ಹೊಂದಾಣಿಕೆ ಸುಲಭವಾಗಿಯೇ ನಡೆದಿದೆ. ನಿಜಾಮರ ಕಾಲದಲ್ಲಿ ಉರ್ದು ಕಚೇರಿಯ ಭಾಷೆಯಾಗಿದ್ದ ಈ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ನುಡಿಗಳಲ್ಲಿ ವ್ಯವಹರಿಸುವುದು ಹೊಸ ಸಂಗತಿಯಲ್ಲ. ಸಂತೆಯಲ್ಲಿ ತೆಲುಗು ಕೇಳಿಸಿದಷ್ಟೇ ಸಹಜವಾಗಿ ಕ್ಯಾಂಪಿನ ಮಕ್ಕಳ ಬಾಯಲ್ಲಿ ಗಂಗಾವತಿಯ ಕನ್ನಡ ಕೇಳಿಸುತ್ತದೆ. 2011ರ ಡಿಸೆಂಬರಿನಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಸಿ.ಪಿ. ಕೃಷ್ಣಕುಮಾರ್ ಅವರ ಅಧ್ಯಕ್ಷತೆಯಲ್ಲಿ ನಡೆದದ್ದು ಇದೇ ಊರಿನಲ್ಲಿ, ಮತ್ತು ಗಂಗಾವತಿ ಪ್ರಾಣೇಶ್ ತಮ್ಮ ಹಾಸ್ಯ ಭಾಷಣಗಳ ಮೂಲಕ ರಾಜ್ಯದಾದ್ಯಂತ ಕೊಂಡೊಯ್ದದ್ದು ಈ ಸೀಮೆಯ ಮಾತಿನ ಧಾಟಿಯನ್ನೇ. ಊರಿನ ಗುರುತು ಕದಡಿದೆ ಎಂದು ಹೇಳುವವರು ತೋರಿಸುವುದು ಅಂಗಡಿಯ ಫಲಕಗಳನ್ನು. ನಿಜವಾಗಿ ನೋಡಬೇಕಾದದ್ದು ಪಹಣಿಯನ್ನು.

ಪಹಣಿಯ ಈ ಕಥೆಯ ಎರಡನೆಯ ಭಾಗ ಆನೆಗೊಂದಿಯ ಸುತ್ತ ನಡೆಯುತ್ತಿದೆ. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಂತರ, ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿರುವ ಗಂಗಾವತಿ ತಾಲ್ಲೂಕಿನ ವಿರುಪಾಪುರಗಡ್ಡಿಗೆ ವಿದೇಶಿ ಪ್ರವಾಸಿಗರು ದೋಣಿಯಲ್ಲಿ ದಾಟಿ ಬರತೊಡಗಿದರು. ನದಿಯಿಂದ ಸುತ್ತುವರಿದ ಈ ಗಡ್ಡಿಯ ಗದ್ದೆಗಳ ಅಂಚಿನಲ್ಲಿ ಮೊದಲು ಗುಡಿಸಲುಗಳು, ಬಳಿಕ ಗೆಸ್ಟ್‌ಹೌಸುಗಳು, ಹೋಟೆಲುಗಳು ಎದ್ದವು. ಇಸ್ರೇಲಿನಿಂದ ಬರುವವರ ಸಂಖ್ಯೆ ಹೆಚ್ಚಿದ್ದುದರಿಂದ ಹೀಬ್ರೂ ಲಿಪಿಯ ಫಲಕಗಳೂ ಕಾಣಿಸಿಕೊಂಡವು, ಗಡ್ಡಿಗೆ ಹಿಪ್ಪಿ ಐಲ್ಯಾಂಡ್ ಎಂಬ ಇನ್ನೊಂದು ಹೆಸರು ಬಂತು. ಜಮೀನಿದ್ದ ಕೆಲವರು ತಾವೇ ಕೋಣೆಗಳನ್ನು ಕಟ್ಟಿದರು, ಕೆಲವರು ಹೊರಗಿನವರಿಗೆ ಬಾಡಿಗೆಗೆ ಕೊಟ್ಟರು. ಭತ್ತ ಹತ್ತು ಚೀಲ ಹೆಚ್ಚು ಬೆಳೆದರೂ ಬರಲಾರದ ಹಣ ಪ್ರವಾಸದ ನಾಲ್ಕು ತಿಂಗಳಲ್ಲಿ ಕೈಸೇರುತ್ತಿದ್ದಾಗ ಅವರ ಆಯ್ಕೆಯನ್ನು ತಪ್ಪೆನ್ನುವುದು ಕಷ್ಟ.

ಇಲ್ಲಿ ಕಾಲುವೆಯ ಸೀಮೆಯಲ್ಲಿ ಇಲ್ಲದ ಒಂದು ಶಕ್ತಿ ನಡುವೆ ಬಂತು. ಪುರಾತನ ಸ್ಮಾರಕಗಳ ಕಾಯಿದೆಯ ಅಡಿಯಲ್ಲಿ 1988ರಲ್ಲಿಯೇ ರಾಜ್ಯ ಸರ್ಕಾರ ಹೊರಡಿಸಿದ್ದ ಅಧಿಸೂಚನೆ ಗಡ್ಡಿಯನ್ನು ಸಂರಕ್ಷಿತ ಪ್ರದೇಶದೊಳಗೆ ಸೇರಿಸಿತ್ತು. 2002ರ ಕಾಯಿದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಗಿ, ಅನುಮತಿಯಿಲ್ಲದ ಕಟ್ಟಡಗಳಿಗೆ ನೋಟಿಸುಗಳು ಹೋದವು. ವರ್ಷಗಳ ವ್ಯಾಜ್ಯದ ಬಳಿಕ 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ತೆರವನ್ನು ಎತ್ತಿಹಿಡಿಯಿತು, ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಗಡ್ಡಿಗೆ ಇಳಿದವು. ಇದಕ್ಕೆ ಮುನ್ನ 2011ರ ಜುಲೈಯಲ್ಲಿ ನದಿಯಾಚೆಯ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿ, ಕಡ್ಡಿರಾಂಪುರದಲ್ಲಿ ನಿವೇಶನ ತೋರಿಸಲಾಗಿತ್ತು. ಲಂಡನ್ನಿನಲ್ಲಿ ಬಾಡಿಗೆ ಮಾಡಿದ ಕೆಲಸವನ್ನು ಇಲ್ಲಿ ಪರಂಪರೆಯ ಕಾನೂನು ಮಾಡಿತು. ಕಲ್ಲಿನ ಮಂಟಪಗಳನ್ನು ಉಳಿಸುವುದು ಅಗತ್ಯವೇ ಆದರೂ, ಅಲ್ಲಿ ಅಂಗಡಿಯಿಟ್ಟವರ ಬದುಕನ್ನು ಆ ಮಂಟಪದ ಚರಿತ್ರೆಯಿಂದ ಹೊರಗಿಟ್ಟು ನೋಡಿದ್ದು ಸರಿಯಾದ ಕ್ರಮವೆನಿಸುವುದಿಲ್ಲ. ಬಜಾರ್ ಎಂಬುದು ಮೊದಲಿಗೆ ಕೊಡುಕೊಳ್ಳುವವರ ಜಾಗವೇ ಆಗಿತ್ತು.

ತೆರವಿನಿಂದ ಪ್ರವಾಸೋದ್ಯಮ ನಿಲ್ಲಲಿಲ್ಲ, ಜಾಗ ಬದಲಿಸಿತು. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಗಳ ಸುತ್ತ ಹೋಂಸ್ಟೇ ಮತ್ತು ರೆಸಾರ್ಟುಗಳು ಹೆಚ್ಚಿವೆ. ಹನುಮನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿಗೆ, 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನವು ಆ ಗೌರವ ತನ್ನ ಬೆಟ್ಟಕ್ಕೆ ಸಲ್ಲಬೇಕೆಂದು ವಾದಿಸಿದ ಬಳಿಕ, ಬರುವವರ ಸಂಖ್ಯೆಯೂ ಸರ್ಕಾರದ ಗಮನವೂ ಏರಿದವು. ಇದೇ ಆನೆಗೊಂದಿಯಲ್ಲಿ 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್, ಹೊರಗಿನಿಂದ ಬಂದು ನೆಲೆಸಿದ ಕಲಾವಿದೆ ಶಮಾ ಪವಾರ್ ಅವರು ಕಟ್ಟಿದ ಸಂಸ್ಥೆಯಾಗಿದ್ದರೂ, ಊರಿನ ಹೆಣ್ಣುಮಕ್ಕಳಿಗೆ ಬಾಳೆನಾರಿನ ಕಸುಬು ಕಲಿಸಿ ಹಳೆಯ ಮನೆಗಳನ್ನು ಉಳಿಸುವ ದಾರಿಯನ್ನು ಹುಡುಕಿದೆ.

ಮುಂದಿನ ಬದಲಾವಣೆಯನ್ನು ನಿರ್ಧರಿಸುವುದು ಇನ್ನೊಂದು ಕಾನೂನು. ಡೆಲ್ಟಾದಿಂದ ಬಂದವರು ಕೊಂಡವರೂ ಹೌದು, ಉಳುವವರೂ ಹೌದು. 1974ರಿಂದ ಜಾರಿಯಲ್ಲಿದ್ದ ಭೂ ಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದುಹಾಕಿತು. ಗಡ್ಡಿಯ ಕಟ್ಟಡಗಳು ಉರುಳಿದ ವರ್ಷದಲ್ಲಿಯೇ, ನೇಗಿಲು ಮುಟ್ಟದವರಿಗೂ ಸಾಣಾಪುರದ ಕೆರೆಯ ಬದಿಯ ಗದ್ದೆಯನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವ ಬಾಗಿಲು ತೆರೆಯಿತು.