ಮೌನದ ಮಠದಲ್ಲಿ ನಾಲ್ಕು ತಿಂಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಈ ಎರಡನ್ನೂ ಒಟ್ಟಿಗೇ ಮಾಡುವ ಭಾಗ್ಯ ಎಷ್ಟು ಮಂದಿಗೆ ಒದಗೀತು? ಅಂಥ ಭಾಗ್ಯವನ್ನು ಅರಸಿಕೊಂಡು ಅಮೆರಿಕದ ತರುಣ ತರುಣಿಯರು ವರ್ಷಕ್ಕೆರಡು ಬಾರಿ ಆಸ್ಟ್ರಿಯಾ ದೇಶದ ಒಂದು ಸಣ್ಣ ಊರಿಗೆ ಬಂದು ಸೇರುತ್ತಾರೆ. ಊರಿನ ಹೆಸರು ಗಾಮಿಂಗ್. ವಿಯೆನ್ನಾ ನಗರದ ನೈರುತ್ಯಕ್ಕೆ, ಆಲ್ಪ್ಸ್ ಪರ್ವತಗಳ ಸೆರಗಿನಲ್ಲಿ ಅದು ಅಡಗಿಕೊಂಡಿದೆ. 1893 ಮೀಟರ್ ಎತ್ತರದ ಓಟ್ಶರ್ ಶಿಖರ ಅದರ ನೆರೆಯಲ್ಲೇ ನಿಂತಿದೆ. ಊರಿನ ಒಂದು ಬದಿಗೆ, ಕಾಡು ಬೆಟ್ಟಗಳ ನಡುವೆ, ವಿಶಾಲವಾದ ಹಳೆಯ ಮಠವೊಂದುಂಟು. ಈ ಮಠವೇ ಅವರ ಕಾಲೇಜು. ಇದೇ ಅವರ ವಸತಿಗೃಹ.

ಓಹಾಯೋ ನದಿಯ ದಡದಿಂದ

ಈ ವಿದ್ಯಾರ್ಥಿಗಳು ಬರುವುದು ಓಹಾಯೋ ಸಂಸ್ಥಾನದ ಸ್ಟೂಬನ್‌ವಿಲ್ ಎಂಬ ಪಟ್ಟಣದಿಂದ. ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳ ಹೊಗೆಯಿಂದ ಹೆಸರಾದ ಪಟ್ಟಣ ಅದು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅಲ್ಲಿ ಒಂದು ಕ್ಯಾಥೊಲಿಕ್ ಕಾಲೇಜನ್ನು ತೆರೆದರು. ಯುದ್ಧರಂಗದಿಂದ ಮರಳಿದ ಸೈನಿಕರೇ ಮೊದಲ ತಂಡದಲ್ಲಿ ಬಹುಮಂದಿ. ಆ ಕಾಲೇಜು ಮುಂದೆ ಬೆಳೆದು ಫ್ರಾನ್ಸಿಸ್ಕನ್ ವಿಶ್ವವಿದ್ಯಾನಿಲಯವಾಯಿತು. 1989ರಲ್ಲಿ ಪೂರ್ವ ಯೂರೋಪಿನ ಕಬ್ಬಿಣದ ತೆರೆ ಸರಿದು, ಅಷ್ಟು ದಿನ ಮುಚ್ಚಿದ್ದ ಗಡಿಗಳು ತೆರೆದುಕೊಂಡವಷ್ಟೆ. ಎರಡು ವರ್ಷಗಳ ತರುವಾಯ, 1991ರಲ್ಲಿ, ವಿಶ್ವವಿದ್ಯಾನಿಲಯವು ಗಾಮಿಂಗ್ ಮಠದಲ್ಲಿ ತನ್ನ ಶಾಖೆಯನ್ನು ಆರಂಭಿಸಿತು. ಅಂದಿನಿಂದ ಅದರ ವಿದ್ಯಾರ್ಥಿಗಳು ಒಂದು ಅರ್ಧವರ್ಷದ ಪಾಠವನ್ನು ಇಲ್ಲಿ ಓದುವ ಪದ್ಧತಿ ಬೆಳೆದುಬಂದಿದೆ.

ಅರಸನ ಪ್ರಶ್ನೆ

ಮಠದ ಕಥೆ ಇನ್ನೂ ಹಳೆಯದು. ಆಸ್ಟ್ರಿಯಾದ ದೊರೆ ಎರಡನೆಯ ಆಲ್ಬರ್ಟ್ ಇದನ್ನು 1330ರಲ್ಲಿ ಸ್ಥಾಪಿಸಿದನು. ಈತ ಸಂಧಿವಾತದಿಂದ ಕೈಕಾಲು ಸೋತವನಾದರೂ ಬುದ್ಧಿವಂತನೆಂದು ಹೆಸರು ಪಡೆದವನು. ಮಠಕ್ಕೆ ‘ಮೇರಿಯ ಸಿಂಹಾಸನ’ ಎಂಬ ಹೆಸರಾಯಿತು. ಇಲ್ಲಿ ನೆಲಸಿದವರು ಕಾರ್ಥೂಸಿಯನ್ ಪಂಥದ ವಿರಕ್ತರು. 1084ರಲ್ಲಿ ಸಂತ ಬ್ರೂನೋ ಫ್ರಾನ್ಸಿನ ಬೆಟ್ಟಗಳ ನಡುವೆ ಹೂಡಿದ ಈ ಪಂಥದ ನಿಯಮ ಬಲು ಕಠಿಣ. ಒಬ್ಬೊಬ್ಬ ಸಂನ್ಯಾಸಿಗೂ ಪ್ರತ್ಯೇಕವಾದ ಚಿಕ್ಕ ಮನೆ, ಮನೆಗೊಂದು ಪುಟ್ಟ ಕೈತೋಟ. ಊಟ ಗೋಡೆಯ ಕಿಂಡಿಯ ಮೂಲಕ ಬರಬೇಕು. ಮಾಂಸ ನಿಷಿದ್ಧ. ನಡುರಾತ್ರಿಯಲ್ಲಿ ಎದ್ದು ದೇವಾಲಯದಲ್ಲಿ ಪ್ರಾರ್ಥನೆ. ವಾರಕ್ಕೊಮ್ಮೆ ಒಟ್ಟಾಗಿ ನಡೆದುಹೋಗುವಾಗ ಮಾತ್ರ ಮಾತು, ಉಳಿದಂತೆ ಮೌನ. ಮಧ್ಯ ಯೂರೋಪಿನ ಅತಿ ದೊಡ್ಡ ಕಾರ್ಥೂಸಿಯನ್ ಮಠಗಳಲ್ಲಿ ಒಂದಾಗಿ ಗಾಮಿಂಗ್ ನಾಲ್ಕೂವರೆ ಶತಮಾನ ಬಾಳಿತು.

ಆಮೇಲೆ ಬಂದವನು ಚಕ್ರವರ್ತಿ ಎರಡನೆಯ ಜೋಸೆಫ್. ಸುಧಾರಣೆಯ ಹುಮ್ಮಸ್ಸಿನ ಅರಸು. ಆತನ ಪ್ರಶ್ನೆ ಸರಳವಾಗಿತ್ತು: ಈ ಸಂನ್ಯಾಸಿಗಳು ಮಕ್ಕಳಿಗೆ ಪಾಠ ಹೇಳುತ್ತಾರೆಯೆ? ರೋಗಿಗಳ ಶುಶ್ರೂಷೆ ಮಾಡುತ್ತಾರೆಯೆ? ಎರಡೂ ಇಲ್ಲವೆಂದಮೇಲೆ ರಾಜ್ಯಕ್ಕೆ ಇವರಿಂದೇನು ಪ್ರಯೋಜನ? 1782ರ ಜನವರಿಯಲ್ಲಿ ಆಜ್ಞೆ ಹೊರಟಿತು. ಜಗದ್ಗುರು ಆರನೆಯ ಪಯಸ್ ಸ್ವತಃ ರೋಮಿನಿಂದ ವಿಯೆನ್ನಾಕ್ಕೆ ಬಂದು ಚಕ್ರವರ್ತಿಯ ಮನವೊಲಿಸಲು ಯತ್ನಿಸಿದರೂ ಫಲವಾಗಲಿಲ್ಲ. ಗಾಮಿಂಗಿನ ವಿರಕ್ತರು ಚದುರಿಹೋದರು. ಸಂಸ್ಥಾಪಕ ಆಲ್ಬರ್ಟನ ಅಸ್ಥಿಗಳು ಕೂಡ ಊರಿನ ಇಗರ್ಜಿಗೆ ಸಾಗಿದವು. ಕಟ್ಟಡ ಕೈಯಿಂದ ಕೈಗೆ ದಾಟಿ ಶಿಥಿಲವಾಯಿತು. 1980ರ ದಶಕದಲ್ಲಿ ವಾಸ್ತುಶಿಲ್ಪಿಯೊಬ್ಬರು ಅದನ್ನು ಕೊಂಡು ಜೀರ್ಣೋದ್ಧಾರಕ್ಕೆ ತೊಡಗಿದಾಗಲೇ ಮತ್ತೆ ಜೀವ ಬಂದದ್ದು. ದೊರೆಯ ಅಸ್ಥಿಗಳೂ ಆ ದಶಕದಲ್ಲಿಯೇ ಮರಳಿ ಬಂದವು. ಪಾಠ ಹೇಳುವುದಿಲ್ಲವೆಂಬ ಕಾರಣಕ್ಕೆ ಮುಚ್ಚಿಸಿದ ಮಠದಲ್ಲಿ ಇಂದು ಪಾಠದ ಗಂಟೆ ಬಾರಿಸುತ್ತಿದೆ. ಇತಿಹಾಸಕ್ಕೂ ಒಮ್ಮೊಮ್ಮೆ ವಿನೋದಪ್ರವೃತ್ತಿ ಇರುತ್ತದೆ!

ಹತ್ತೊಂಬತ್ತರ ತರುಣಿ

ಇಲ್ಲಿಗೆ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ವಯಸ್ಸು ಹತ್ತೊಂಬತ್ತು. ಜನವರಿಯ ಹಿಮದಲ್ಲಿ ಎರಡು ಪೆಟ್ಟಿಗೆಗಳೊಡನೆ ಬಂದು ಇಳಿಯುತ್ತಾಳೆ. ತಂದೆತಾಯಿ ಈ ವೆಚ್ಚಕ್ಕಾಗಿ ಬಹುಕಾಲದಿಂದ ಹಣ ಕೂಡಿಟ್ಟಿದ್ದಾರೆ. ಬೇಸಿಗೆಯ ರಜೆಯಲ್ಲಿ ತಾನೂ ದುಡಿದಿದ್ದಾಳೆ. ಹುಟ್ಟಿದಂದಿನಿಂದ ಅವಳು ಕ್ಯಾಥೊಲಿಕಳು. ಭಾನುವಾರದ ಬಲಿಪೂಜೆ, ಊಟಕ್ಕೆ ಮುಂಚಿನ ಪ್ರಾರ್ಥನೆ, ಇವೆಲ್ಲ ಮನೆಯ ಮೇಜು ಕುರ್ಚಿಗಳಂತೆ ಅವಳಿಗೆ ಪರಿಚಿತ. ಆದರೆ ಅದು ತಾಯಿ ಕೊಟ್ಟ ಶ್ರದ್ಧೆಯೋ, ತನ್ನದೇ ಶ್ರದ್ಧೆಯೋ? ಈ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

ಮೊದಲ ವಾರಗಳಲ್ಲಿ ಕಾಡುವುದು ಮನೆಯ ನೆನಪು. ಊರಿನಲ್ಲಿ ಕತ್ತಲಾದ ಮೇಲೆ ನೋಡುವುದಕ್ಕೆ ಏನೂ ಇಲ್ಲ. ಅಂಗಡಿಗಳು ಬೇಗ ಮುಚ್ಚುತ್ತವೆ. ಭಾನುವಾರ ತೆರೆಯುವುದೇ ಇಲ್ಲ. ಭಾಷೆ ಜರ್ಮನ್. ರೊಟ್ಟಿ ಕೊಳ್ಳುವುದಕ್ಕೂ ಕೈಸನ್ನೆ ಬೇಕಾಗುತ್ತದೆ. ಇಷ್ಟು ದಿನ ಜಗತ್ತೆಲ್ಲ ತನ್ನ ಭಾಷೆಯನ್ನೇ ಆಡುತ್ತದೆಂದು ಬಗೆದಿದ್ದವಳಿಗೆ ತಾನೇ ಪರಕೀಯಳಾಗುವ ಅನುಭವ. ಇದೂ ಒಂದು ಪಾಠವೇ ಅಲ್ಲವೆ? ತತ್ತ್ವಶಾಸ್ತ್ರ, ದೇವತಾಶಾಸ್ತ್ರ, ಯೂರೋಪಿನ ಇತಿಹಾಸ, ಚಿತ್ರಕಲೆ, ಇವುಗಳ ಪಾಠ ವಾರದ ಮೊದಲ ದಿನಗಳಲ್ಲಿ ಮುಗಿಯುತ್ತದೆ. ವಾರದ ಕೊನೆಯ ದಿನಗಳು ಪ್ರಯಾಣಕ್ಕೆ.

ಪ್ರವಾಸಿಯೋ, ಯಾತ್ರಿಕನೋ?

ಇಲ್ಲಿಯೇ ಅಪಾಯವೂ ಇದೆ. ಬೆನ್ನಿಗೊಂದು ಚೀಲ, ಕೈಯಲ್ಲಿ ರೈಲಿನ ಟಿಕೀಟು. ಒಂದು ವಾರ ವೆನಿಸ್, ಮರುವಾರ ಬುಡಾಪೆಸ್ಟ್, ಅದರ ಮರುವಾರ ಪ್ರಾಗ್. ರಾತ್ರಿ ರೈಲಿನಲ್ಲಿ ನಿದ್ದೆ, ಹಗಲು ರೊಟ್ಟಿ ಮತ್ತು ಗಿಣ್ಣಿನ ಊಟ, ಸೋಮವಾರದ ಪಾಠಕ್ಕೆ ಕೆಂಪಗಾದ ಕಣ್ಣು. ಛಾಯಾಚಿತ್ರಗಳ ಲೆಕ್ಕ ಹೆಚ್ಚಿದಷ್ಟೂ ನೋಡಿದ್ದು ಕಡಿಮೆಯಾಗುವ ಭಯ. ನಾಲ್ಕು ತಿಂಗಳಲ್ಲಿ ಹತ್ತು ದೇಶ ಕಂಡವನು ಒಂದನ್ನೂ ಕಾಣದೆ ಹಿಂದಿರುಗಬಹುದು. ಪ್ರವಾಸಿ ಊರನ್ನು ನೋಡಿ ಬರುತ್ತಾನೆ. ಯಾತ್ರಿಕನನ್ನು ಊರು ಬದಲಿಸಿ ಕಳಿಸುತ್ತದೆ. ಈ ಅಂತರವನ್ನು ಉಪನ್ಯಾಸದಿಂದ ಕಲಿಸಲಾಗದು. ಕೆಲವು ಸ್ಥಳಗಳು ಮಾತ್ರ ಕಲಿಸಬಲ್ಲವು.

ಅಂಥದೊಂದು ಸ್ಥಳ ಇಟಲಿಯ ಅಸ್ಸೀಸಿ. ಬಟ್ಟೆಯ ವ್ಯಾಪಾರಿಯ ಮಗನಾಗಿ ಹುಟ್ಟಿ, ತಂದೆಗೆ ಮೈಮೇಲಿನ ಉಡುಪನ್ನೂ ಹಿಂದಿರುಗಿಸಿ ಹೊರನಡೆದ ಸಂತ ಫ್ರಾನ್ಸಿಸನ ಊರು ಅದು. ಬೆಟ್ಟದ ಕೆಳಗೆ ಭವ್ಯವಾದ ದೇವಾಲಯವೊಂದಿದೆ. ಅದರೊಳಗೆ ಕಾಲಿಟ್ಟರೆ ನಡುವೆ ಗುಡಿಸಿಲಿನಂಥ ಇನ್ನೊಂದು ಪ್ರಾರ್ಥನಾಮಂದಿರ. ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದ, 1226ರಲ್ಲಿ ಯಾವುದರ ಬಳಿ ಪ್ರಾಣ ಬಿಟ್ಟನೋ ಆ ಪೋರ್ಸಿಯುಂಕುಲ. ಅಮೃತಶಿಲೆಯ ವೈಭವವೆಲ್ಲ ಆ ಕಲ್ಲುಗೋಡೆಯ ಬಡತನಕ್ಕೆ ಕೊಡೆ ಹಿಡಿದಂತಿದೆ. ತನ್ನ ಕಾಲೇಜಿನ ಹೆಸರಿನಲ್ಲಿ ದಿನವೂ ಓದುತ್ತಿದ್ದ ‘ಫ್ರಾನ್ಸಿಸ್ಕನ್’ ಎಂಬ ಮಾತಿಗೆ ಅರ್ಥವೇನೆಂದು ವಿದ್ಯಾರ್ಥಿನಿಗೆ ಹೊಳೆಯುವುದು ಅಲ್ಲಿ.

ಇನ್ನೊಂದು ಸ್ಥಳ ಪೋಲೆಂಡಿನ ಆಶ್‌ವಿಟ್ಸ್. ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ಹಾಡು ಕೇಳಿಬಂದೀತು, ಹಿಂದಿರುಗುವಾಗ ಕೇಳದು. ನಾಜಿಗಳು ಹತ್ತು ಲಕ್ಷಕ್ಕೂ ಮಿಕ್ಕ ಜನರನ್ನು, ಅವರಲ್ಲಿ ಬಹುಪಾಲು ಯೆಹೂದ್ಯರನ್ನು, ಕೊಂದ ನೆಲ ಅದು. ಅಲ್ಲಿನ ಹನ್ನೊಂದನೆಯ ಕಟ್ಟಡದ ನೆಲಮಾಳಿಗೆಯಲ್ಲಿ ಒಂದು ಕತ್ತಲೆಯ ಕೋಣೆಯಿದೆ. 1941ರ ಜುಲೈ ಕೊನೆಯಲ್ಲಿ ಕೈದಿಯೊಬ್ಬ ತಪ್ಪಿಸಿಕೊಂಡನೆಂದು ಅಧಿಕಾರಿಗಳು ಹತ್ತು ಮಂದಿಯನ್ನು ಆರಿಸಿ ಉಪವಾಸ ಕೆಡವಿ ಕೊಲ್ಲಲು ಆಜ್ಞಾಪಿಸಿದರು. ಅವರಲ್ಲೊಬ್ಬ, ಫ್ರಾನ್ಸಿಷೆಕ್ ಗಯೋವ್ನಿಚೆಕ್ ಎಂಬವನು, ಹೆಂಡತಿ ಮಕ್ಕಳನ್ನು ನೆನೆದು ಗೋಳಿಟ್ಟನು. ಆಗ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಸಾಲಿನಿಂದ ಮುಂದೆ ಬಂದು, ಅವನ ಸ್ಥಾನದಲ್ಲಿ ತನ್ನನ್ನು ಒಯ್ಯುವಂತೆ ಕೇಳಿಕೊಂಡರು. ಎರಡು ವಾರಗಳ ಮೇಲೂ ಜೀವ ಹಿಡಿದಿದ್ದ ಅವರನ್ನು ಆಗಸ್ಟ್ 14ರಂದು ವಿಷದ ಸೂಜಿ ಚುಚ್ಚಿ ಮುಗಿಸಿದರು. 1982ರಲ್ಲಿ ರೋಮಿನಲ್ಲಿ ಕೋಲ್ಬೆಯವರನ್ನು ಸಂತರೆಂದು ಘೋಷಿಸಿದಾಗ ಗಯೋವ್ನಿಚೆಕ್ ಆ ಸಭೆಯಲ್ಲಿದ್ದನು. ಆತ 1995ರವರೆಗೂ ಬದುಕಿದ್ದನು.

ಕೋಲ್ಬೆಯವರೂ ಒಮ್ಮೆ ಪರದೇಶದ ವಿದ್ಯಾರ್ಥಿಯೇ. 1912ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಅವರು ಪೋಲೆಂಡಿನಿಂದ ರೋಮಿಗೆ ಓದಲು ಹೋದರು. ಏಳು ವರ್ಷ ಅಲ್ಲಿದ್ದು ಎರಡು ಡಾಕ್ಟರೇಟುಗಳನ್ನು ಪಡೆದರು. ಆ ವ್ಯಾಸಂಗದ ಪರೀಕ್ಷೆ ನಡೆದದ್ದು ಮಾತ್ರ ಆ ಸಾಲಿನಲ್ಲಿ ನಿಂತ ದಿನ.

ಪ್ರಯೋಜನವೇನು?

ಮೇ ತಿಂಗಳು ಬಂದಾಗ ಹಿಮ ಕರಗಿ ಕಣಿವೆ ಹಸುರಾಗಿರುತ್ತದೆ. ಪೆಟ್ಟಿಗೆ ಕಟ್ಟುವ ಹಿಂದಿನ ಸಂಜೆ ವಿದ್ಯಾರ್ಥಿನಿ ಒಬ್ಬಳೇ ಮಠದ ದೇವಾಲಯಕ್ಕೆ ಹೋಗಿ ಕುಳಿತುಕೊಳ್ಳುತ್ತಾಳೆ. ಬಂದ ಹೊಸದರಲ್ಲಿ ಹೆದರಿಸುತ್ತಿದ್ದ ಮೌನ ಈಗ ಗೆಳೆಯನಂತಿದೆ. ಆರಂಭದಲ್ಲಿ ಇಲ್ಲದ ಪ್ರಶ್ನೆ ಈಗ ಇದೆ. ಅದಕ್ಕೆ ಉತ್ತರ ತನ್ನದೇ ಆಗಬೇಕು, ತಾಯಿಯದಲ್ಲ ಎಂಬ ಅರಿವೂ ಇದೆ. ಆ ಉತ್ತರ ದೊರೆತಿದೆಯೆಂದು ಹೇಳುವ ಧೈರ್ಯ ಅವಳಿಗಿನ್ನೂ ಬಂದಿಲ್ಲ.

ಊರಿಗೆ ಮರಳಿದಾಗ ಬಂಧುಗಳು ಕೇಳುವುದು ಸಹಜ: ಇಷ್ಟು ಹಣ ಸುರಿದು ಹೋಗಿಬಂದೆಯಲ್ಲ, ಇದರಿಂದ ಪ್ರಯೋಜನವೇನು? ಇನ್ನೂರು ವರ್ಷಗಳ ಹಿಂದೆ ಜೋಸೆಫ್ ಚಕ್ರವರ್ತಿ ಕೇಳಿದ್ದೂ ಇದೇ ಪ್ರಶ್ನೆ. ಅದು ತಪ್ಪು ಪ್ರಶ್ನೆಯೇನಲ್ಲ. ಹಣ ತೆರುವವನಿಗೆ ಕೇಳುವ ಹಕ್ಕಿದೆ. ಆದರೆ ಚಕ್ರವರ್ತಿ ಉತ್ತರಕ್ಕಾಗಿ ಕಾಯಲಿಲ್ಲ. ತಂದೆತಾಯಿಗಳಾದರೋ ಕಾಯಬಲ್ಲರು. ಕೆಲವು ಪಾಠಗಳ ಫಲ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಬದುಕು ಎಂದಾದರೊಂದು ದಿನ ಸಾಲಿನಲ್ಲಿ ನಿಲ್ಲಿಸಿ ಹೆಸರು ಕರೆದಾಗ, ಆಗ ಕಾಣುತ್ತದೆ.