ಅಪೊಲೊ ಥಿಯೇಟರ್

ಅಪೊಲೊ ಥಿಯೇಟರ್ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿರುವ ಒಂದು ಸಂಗೀತ ರಂಗಮಂದಿರ. ಇದು ಮ್ಯಾನ್‌ಹಟನ್‌ನ ಹಾರ್ಲೆಮ್ ಪ್ರದೇಶದ ಪಶ್ಚಿಮ 125ನೆಯ ಬೀದಿಯಲ್ಲಿದೆ. ಸುಮಾರು 1,500 ಆಸನಗಳುಳ್ಳ ಈ ರಂಗಮಂದಿರವು 20ನೆಯ ಶತಮಾನದಲ್ಲಿ ಜಾಝ್ ಹಾಗೂ ಸೋಲ್ ಸಂಗೀತದ ಪ್ರಮುಖ ವೇದಿಕೆಯಾಗಿ ಬೆಳೆಯಿತು. ಕಲಾವಿದರ ಯೋಗ್ಯತೆಯನ್ನು ಪ್ರೇಕ್ಷಕರೇ ನಿರ್ಣಯಿಸುವ ಪರಂಪರೆಗೆ ಇದು ಹೆಸರಾಗಿದೆ.

ಇತಿಹಾಸ

ಈ ಕಟ್ಟಡವನ್ನು ವಾಸ್ತುಶಿಲ್ಪಿ ಜಾರ್ಜ್ ಕೈಸ್ಟರ್ ವಿನ್ಯಾಸಗೊಳಿಸಿದರು. 1914ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದಾಗ ಇಲ್ಲಿ ಕಪ್ಪುವರ್ಣೀಯ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ದಕ್ಷಿಣದ ರಾಜ್ಯಗಳಿಂದ ವಲಸೆ ಬಂದ ಆಫ್ರಿಕನ್-ಅಮೆರಿಕನ್ನರು ಹಾರ್ಲೆಮ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರು. ಆದರೂ ಅಲ್ಲಿನ ಪ್ರಸಿದ್ಧ ಕಾಟನ್ ಕ್ಲಬ್‌ನಲ್ಲಿ ಹಾಡುವವರು, ನುಡಿಸುವವರು ಕಪ್ಪುವರ್ಣೀಯರಾಗಿದ್ದರೂ ಕುಳಿತು ಕೇಳುವ ಅವಕಾಶ ಬಿಳಿಯರಿಗೆ ಮಾತ್ರ ಇತ್ತು. 1934ರ ಜನವರಿಯಲ್ಲಿ ಅಪೊಲೊ ಎಂಬ ಹೆಸರಿನಿಂದ ಪುನರಾರಂಭಗೊಂಡ ರಂಗಮಂದಿರವು ಕಪ್ಪುವರ್ಣೀಯರಿಗೂ ಬಾಗಿಲು ತೆರೆಯಿತು. ಇದರಿಂದ ಹಾರ್ಲೆಮ್‌ನ ನಿವಾಸಿಗಳು ತಮ್ಮದೇ ಸಮುದಾಯದ ಸಂಗೀತಕ್ಕೆ ಶ್ರೋತೃಗಳೂ ವಿಮರ್ಶಕರೂ ಆದರು.

ಹವ್ಯಾಸಿಗಳ ರಾತ್ರಿ

ಪ್ರತಿ ಬುಧವಾರ ನಡೆಯುವ ಹವ್ಯಾಸಿ ಕಲಾವಿದರ ಸ್ಪರ್ಧೆಯು ಅಪೊಲೊದ ಅತ್ಯಂತ ಪ್ರಸಿದ್ಧ ಕಾರ್ಯಕ್ರಮ. ಇದರಲ್ಲಿ ಚಪ್ಪಾಳೆಯೇ ತೀರ್ಪು. ಮೆಚ್ಚುಗೆಯಾಗದವರನ್ನು ಪ್ರೇಕ್ಷಕರು ಕೂಗಿ ವೇದಿಕೆಯಿಂದ ಇಳಿಸುತ್ತಾರೆ. ಸ್ಪರ್ಧಿಗಳು ವೇದಿಕೆಯ ಮೇಲಿರುವ 'ಭರವಸೆಯ ಮರ' ಎಂಬ ಮರದ ತುಂಡನ್ನು ಅದೃಷ್ಟಕ್ಕಾಗಿ ಮುಟ್ಟುವ ಸಂಪ್ರದಾಯವಿದೆ. 1934ರ ನವೆಂಬರ್‌ನಲ್ಲಿ 17 ವರ್ಷದ ಎಲಾ ಫಿಟ್ಜ್‌ಜೆರಾಲ್ಡ್ ನೃತ್ಯ ಮಾಡುವ ಉದ್ದೇಶದಿಂದ ಬಂದು, ಕೊನೆಯ ಗಳಿಗೆಯಲ್ಲಿ ಹಾಡಲು ನಿರ್ಧರಿಸಿ ಬಹುಮಾನ ಗೆದ್ದರು. 1942ರಲ್ಲಿ ಸಾರಾ ವಾನ್ ವಿಜೇತರಾದರು. ಇವರಿಬ್ಬರೂ ಮುಂದೆ ಜಾಝ್‌ನ ಅಗ್ರಗಣ್ಯ ಗಾಯಕಿಯರೆನಿಸಿದರು.

ಸೋಲ್ ಸಂಗೀತ ಮತ್ತು ನೇರ ಧ್ವನಿಮುದ್ರಣ

ಕಪ್ಪುವರ್ಣೀಯರ ಚರ್ಚುಗಳ ಭಕ್ತಿಸಂಗೀತದಿಂದ ರೂಪುಗೊಂಡ ಸೋಲ್ ಪ್ರಕಾರದಲ್ಲಿ ಗಾಯಕನ ಕರೆಗೆ ಸಭೆಯು ಮರುದನಿ ಕೊಡುವ ಪದ್ಧತಿ ಉಳಿದುಬಂದಿದೆ. ಈ ಸಂವಾದವನ್ನು ಧ್ವನಿಮುದ್ರಣದಲ್ಲಿ ಹಿಡಿದಿಡಲು ಜೇಮ್ಸ್ ಬ್ರೌನ್ ಬಯಸಿದರು. ಈಗಾಗಲೇ ಬಿಡುಗಡೆಯಾದ ಹಾಡುಗಳ ನೇರ ಮುದ್ರಣ ಮಾರಾಟವಾಗದೆಂದು ಧ್ವನಿಮುದ್ರಣ ಸಂಸ್ಥೆಯ ಮಾಲೀಕರು ಒಪ್ಪದಿದ್ದಾಗ, 1962ರ ಅಕ್ಟೋಬರ್ 24ರಂದು ಸ್ವಂತ ಖರ್ಚಿನಲ್ಲಿ ಅಪೊಲೊದ ಕಾರ್ಯಕ್ರಮವನ್ನು ಮುದ್ರಿಸಿಕೊಂಡರು. 1963ರಲ್ಲಿ ಹೊರಬಂದ 'ಲೈವ್ ಅಟ್ ದಿ ಅಪೊಲೊ' ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಇದರಲ್ಲಿ ಶ್ರೋತೃಗಳ ಕೂಗು, ಉದ್ಗಾರಗಳು ಸಂಗೀತದ ಭಾಗವಾಗಿಯೇ ಕೇಳಿಬರುತ್ತವೆ.

ಅವನತಿ ಮತ್ತು ಪುನರುಜ್ಜೀವನ

ಜನಪ್ರಿಯ ಕಲಾವಿದರಿಗೆ ವಿಶಾಲ ಸಭಾಂಗಣಗಳು ಹೆಚ್ಚಿನ ಸಂಭಾವನೆ ನೀಡತೊಡಗಿದಾಗ, ಸೀಮಿತ ಆಸನಗಳ ಅಪೊಲೊ ಪೈಪೋಟಿ ನಡೆಸಲಾಗದೆ 1970ರ ದಶಕದಲ್ಲಿ ಮುಚ್ಚಿತು. 1981ರಲ್ಲಿ ಪರ್ಸಿ ಸಟನ್ ನೇತೃತ್ವದ ಹೂಡಿಕೆದಾರರು ಇದನ್ನು ಖರೀದಿಸಿದರು. 1983ರಲ್ಲಿ ಇದಕ್ಕೆ ನಗರದ ಸಂರಕ್ಷಿತ ಕಟ್ಟಡದ ಮಾನ್ಯತೆ ದೊರೆಯಿತು. 1991ರಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರ ಕಟ್ಟಡವನ್ನು ಖರೀದಿಸಿತು. ಅಂದಿನಿಂದ ಲಾಭರಹಿತ ಪ್ರತಿಷ್ಠಾನವೊಂದು ಇದನ್ನು ನಿರ್ವಹಿಸುತ್ತಿದೆ. 2006ರ ಡಿಸೆಂಬರ್‌ನಲ್ಲಿ ಜೇಮ್ಸ್ ಬ್ರೌನ್ ನಿಧನರಾದಾಗ ಅವರ ಪಾರ್ಥಿವ ಶರೀರವನ್ನು ಇದೇ ವೇದಿಕೆಯ ಮೇಲೆ ಸಾರ್ವಜನಿಕ ದರ್ಶನಕ್ಕೆ ಇರಿಸಲಾಗಿತ್ತು.