ನಾಲ್ಕು ಚಕ್ರ ಚಾಲನೆಯ ಕಾರು: ಚಕ್ರ ಬದಲಿಸುವ ಮುನ್ನ

ಕಾರಿಗೆ ಹೊರಗಿನ ತಯಾರಕರ ಅಲಾಯ್ ಚಕ್ರಗಳನ್ನು ಅಳವಡಿಸುವಾಗ ಗ್ರಾಹಕರು ಸಾಮಾನ್ಯವಾಗಿ ಅಂದವನ್ನೂ ಬೆಲೆಯನ್ನೂ ಮಾತ್ರ ಗಮನಿಸುತ್ತಾರೆ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹರಿಯುವ ಕಾರಿನಲ್ಲಿ ಈ ಉದಾಸೀನ ದುಬಾರಿಯಾಗಬಲ್ಲದು. ಜಪಾನಿನ ಸುಬಾರು ಇಂಪ್ರೆಜಾ ಇದಕ್ಕೆ ಉತ್ತಮ ನಿದರ್ಶನ.

ಮೊದಲನೆಯದು ಬೋಲ್ಟುಗಳ ವೃತ್ತ. 2004ರ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಮಾದರಿಯಲ್ಲಿ ಇದರ ವ್ಯಾಸ 100 ಮಿ.ಮೀ. ಇತ್ತು, 2005ರ ಮಾದರಿಯಲ್ಲಿ 114.3 ಮಿ.ಮೀ. ಆಯಿತು. ಹೆಸರು ಒಂದೇ ಆದರೂ ಒಂದರ ಚಕ್ರ ಇನ್ನೊಂದಕ್ಕೆ ಹೊಂದದು. ಎರಡನೆಯದು ಚಕ್ರದ ನಡುರಂಧ್ರ. ಇದು ಕಾರಿನ 56.1 ಮಿ.ಮೀ. ಹಬ್ಬಿಗಿಂತ ದೊಡ್ಡದಿದ್ದರೆ ತಕ್ಕ ಉಂಗುರ ಬೇಕು. ಮೂರನೆಯದು ಆಫ್‌ಸೆಟ್. ಇದು ತಪ್ಪಿದರೆ ಟೈರು ಮಡ್‌ಗಾರ್ಡಿಗೋ ಸಸ್ಪೆನ್ಷನ್ನಿಗೋ ಉಜ್ಜುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಟೈರಿನ ಹೊರವ್ಯಾಸ. 205/55 ಆರ್ 16 ಟೈರಿನ ವ್ಯಾಸ ಸುಮಾರು 632 ಮಿ.ಮೀ.; 225/45 ಆರ್ 17ರದು 634. ಆದುದರಿಂದ ಇವು ಪರ್ಯಾಯವಾಗಬಲ್ಲವು. ಆದರೆ 215/55 ಆರ್ 17ರ ವ್ಯಾಸ 668 ಮಿ.ಮೀ.; ಇದು ಸಲ್ಲದು. ನಾಲ್ಕು ಟೈರುಗಳ ಅಳತೆಯಷ್ಟೇ ಅಲ್ಲ, ಸವೆತವೂ ಸಮನಾಗಿರಬೇಕು. ಹಿಂದು-ಮುಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ಸದಾ ತಿರುಗಿದರೆ ನಡುವಿನ ಡಿಫರೆನ್ಷಿಯಲ್ ಕಾದು ಸವೆಯುತ್ತದೆ. ಎರಡು ಟೈರುಗಳ ಬೆಲೆ ಉಳಿಸಹೋದವರು ಗೇರ್‌ಬಾಕ್ಸ್ ದುರಸ್ತಿಯ ವೆಚ್ಚ ಭರಿಸಬೇಕಾದೀತು.

ಮಾರುವವರು ಈ ಅಳತೆಗಳನ್ನೂ ಚಕ್ರದ ಭಾರ ಹೊರುವ ಸಾಮರ್ಥ್ಯವನ್ನೂ ಬಿಲ್ಲಿನಲ್ಲಿ ನಮೂದಿಸುವುದು ಲೇಸು. ಕೊಳ್ಳುವವರು ಅದನ್ನು ಕೇಳಿ ಪಡೆಯುವುದು ಇನ್ನೂ ಲೇಸು.